ಅಂಟು ಹಿಡಿಯುವವರೆಗೆ

ಮುದ್ದಮ್ಮಕ್ಕನವರೇ, ಚಿಕ್ಕಸ್ವಾಮಿ ಮೇಷ್ಟ್ರ ಬಂಧುಗಳೇ, ಪ್ರಾಂಶುಪಾಲರೇ, ಸಹೋದ್ಯೋಗಿಗಳೇ, ನಂಜನಗೂಡಿನಿಂದಲೂ ನರಸೀಪುರದಿಂದಲೂ ಬಂದಿರುವ — ಜೀವನದಲ್ಲಿ ಯಾವತ್ತಾದರೂ ಏನಾದರೂ ಒಂದನ್ನು ಒಡೆದುಕೊಂಡು ಮೇಷ್ಟ್ರ ಮನೆ ಬಾಗಿಲು ತಟ್ಟಿರುವ — ಸಮಸ್ತ ಮಹನೀಯರೇ, ಮಹಿಳೆಯರೇ, ನಿಮಗೆಲ್ಲ ನಮಸ್ಕಾರ.

ಇದೇ ಸಭಾಂಗಣದಲ್ಲಿ ಮೇಷ್ಟ್ರೂ ನಾನೂ ಅದೆಷ್ಟೋ ಭಾಷಣ ಕೇಳಿದ್ದೀವಿ. ನಮ್ಮ ಜಾಗ ಕೊನೆಯ ಸಾಲು, ಬಾಗಿಲ ಪಕ್ಕ. ಭಾಷಣಕಾರರು ಎಳೆಯೋಕೆ ಶುರು ಮಾಡಿದರೆ ಮೇಷ್ಟ್ರು ನನ್ನನ್ನು ಮೊಣಕೈಯಲ್ಲಿ ತಿವಿದು, "ಇವರಿಗೆ ಮೈಕು ಅಂಟಿಕೊಂಡಿದೆ ಕಣ್ರೀ, ಬಿಸಿನೀರು ತರಿಸಿ" ಅನ್ನೋರು. ಇವತ್ತು ಮೈಕು ನನ್ನ ಕೈಯಲ್ಲಿದೆ. ಮೇಷ್ಟ್ರು ಫೋಟೋದಲ್ಲಿದ್ದಾರೆ. ತಿವಿಯೋರು ಇಲ್ಲ — ಅದಕ್ಕೇ ಮಾತು ಸ್ವಲ್ಪ ಉದ್ದವಾದೀತು. ಸಹಿಸಿಕೊಳ್ಳಿ.

ಫೋಟೋ ಪಕ್ಕದಲ್ಲಿ ಒಂದು ತಟ್ಟೆ ಇದೆ, ನೋಡಿ. ಮೇಲೆ ಖಾದಿ ಟವೆಲ್ ಮುಚ್ಚಿದೆ. ಹೂವು ಹಾಕೋಕೆ ಬಂದವರೆಲ್ಲ ಪ್ರಸಾದ ಇರಬಹುದು ಅಂತ ಒಂದು ಕಣ್ಣು ಹಾಯಿಸಿ ಹೋದಿರಿ. ಪ್ರಸಾದ ಅಲ್ಲ. ಅದು ಬದನವಾಳಿನ ನಾಗಯ್ಯನವರ ಮನೆಯ ಪಿಂಗಾಣಿ ಬುದ್ಧ. ನಾಗಯ್ಯನವರು ಎರಡನೇ ಸಾಲಿನಲ್ಲಿ ಕೂತಿದ್ದಾರೆ, ಪಕ್ಕದಲ್ಲಿ ಮಗಳು ರಂಜಿನಿ. ಈ ಬುದ್ಧನನ್ನು ತಂದವರು ರಂಜಿನಿಯ ತಾಯಿ ಮಾದಮ್ಮ. ನಾಗಪುರಕ್ಕೆ ಹೋಗಿದ್ದಾಗ ಕೊಂಡು, ವಾಪಸು ಬರುವಾಗ ರೈಲಿನಲ್ಲಿ ದಾರಿಯುದ್ದಕ್ಕೂ ಮಗುವಿನ ಹಾಗೆ ಮಡಿಲಲ್ಲಿ ಕೂರಿಸಿಕೊಂಡು ಬಂದರಂತೆ. "ಇವನ್ ಮುಂದೇನೇ ನಮ್ ರಂಜಿನಿ ಮದ್ವೆ" ಅನ್ನೋದು ಆ ತಾಯಿಯ ಮಾತು. ಆ ತಾಯಿ ಈಗಿಲ್ಲ. ಮಾತು ಇದೆ. ಮದುವೆ ಬರುವ ಭಾನುವಾರ.

ಮದುವೆಗೆ ಅಂತ ಮನೆಗೆ ಸುಣ್ಣ ಬಳಿಯುವಾಗ ಬುದ್ಧನ ಬಲಗೈಯ ಹಸ್ತ ಮುರಿಯಿತು. ಎತ್ತಿ ಹರಸುವ ಹಸ್ತ. ನಾಗಯ್ಯನವರು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಮೇಷ್ಟ್ರ ಮನೆಗೆ ಬಂದರು. ಹೋದ ವಾರ ಸಂಜೆ, ಕಿಟಕಿ ಪಕ್ಕದ ಮೇಜಿನ ಹತ್ತಿರ, ಆ ಬುದ್ಧನನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಮೇಷ್ಟ್ರು —

ಮುದ್ದಮ್ಮಕ್ಕ ಅಡುಗೆಮನೆಯಲ್ಲಿದ್ದರು. ಸದ್ದು ಕೇಳಿತು. "ಏನ್ರೀ ಬಿತ್ತು?" ಅಂದರು. ಆ ಮನೆಯಲ್ಲಿ ದಿನಾ ಕೇಳುವ ಪ್ರಶ್ನೆ ಅದು, ದಿನಾ ಒಂದೇ ಉತ್ತರ — "ಬೆಕ್ಕು ಕಣೇ!" ಆ ಮನೆಯಲ್ಲಿ ಬೆಕ್ಕೇ ಇಲ್ಲ. ಆವತ್ತು ಅಕ್ಕ ಆ ಉತ್ತರಕ್ಕೆ ಕಾದರು. ಇನ್ನೊಂದು ಸಲ ಕೇಳಿದರು. ಉತ್ತರ ಬರಲಿಲ್ಲ.

ಕೈ ಮಾತ್ರ ಮುರಿದಿದ್ದ ಬುದ್ಧ ಪೂರ್ತಿ ಚೂರಾದ.

ಆಮೇಲೆ ಶುರುವಾಯಿತು ನೋಡಿ. ಬೀಗರ ಕಡೆಯ ಯಾರೋ ಹಿರಿಯರು ಹೇಳಿದರಂತೆ — ಸಾಯೋರ ಕೈಯಿಂದ ಬಿದ್ದು ಒಡೆದದ್ದನ್ನು ಅಂಟಿಸಿ ಮದುವೆ ಮನೆಯಲ್ಲಿ ಇಡ್ತಾರೇನ್ರೀ, ಅಂತ. ಮೊನ್ನೆ ನಾಗಯ್ಯನವರು ಕಾಲೇಜಿಗೆ ಬಂದು ನನ್ನ ಮುಂದೆ ನಿಂತರು. "ಏನ್ ಮಾಡದು ಸಾ? ನಾನು ಇವೆಲ್ಲ ನಂಬೋನಲ್ಲ. ಆದ್ರೆ ನಾಳೆ ನಮ್ ಮಗೀಗೆ ಯಾರಾದ್ರೂ ಒಂದ್ ಮಾತಂದ್ರೆ, ಎದುರ್ಗೆ ನಿಲ್ಬೇಕಾದೋನು ನಾನಲ್ವಾ? ಒಳೀಗೆ ಬುಟ್ಬುಡ್ಲಾ?"

ಹೊಳೆ ಅಂದರೆ ನಮ್ಮ ಕಪಿಲೆ. ಈ ಊರಿನಲ್ಲಿ ಭಿನ್ನವಾದ ವಿಗ್ರಹ, ಮುಕ್ಕಾದ ಗೊಂಬೆ, ಎಲ್ಲದಕ್ಕೂ ಎರಡೇ ವಿಳಾಸ — ಒಂದು ಅರಳಿಕಟ್ಟೆ, ಇನ್ನೊಂದು ಕಪಿಲೆ. ಮೂರನೇ ವಿಳಾಸ ಚಿಕ್ಕಸ್ವಾಮಿ ಮೇಷ್ಟ್ರ ಮನೆಯಾಗಿತ್ತು. "ಸಭೆ ಮುಗಿಯೋತನಕ ತಡೀರಿ ನಾಗಯ್ಯನವರೇ, ಅಲ್ಲೇ ಉತ್ತರ ಹೇಳ್ತೀನಿ" ಅಂದೆ. ಈಗ ಹೇಳ್ತಾ ಇರೋದು ಆ ಉತ್ತರ. ಕನ್ನಡ ಮೇಷ್ಟ್ರಾದ್ದರಿಂದ ಒಂದು ವಾಕ್ಯದಲ್ಲಿ ಉತ್ತರಿಸೋ ಅಭ್ಯಾಸ ತಪ್ಪಿದೆ. ಪ್ರಬಂಧರೂಪದಲ್ಲಿ ಬರುತ್ತೆ.

ಮೇಷ್ಟ್ರು ಕಲಿಸಿದ್ದು ರಸಾಯನಶಾಸ್ತ್ರ. ನನಗೆ ಗೊತ್ತಿರುವ ರಸಾಯನ ಒಂದೇ — ನಮ್ಮ ರಸಬಾಳೆಯದ್ದು. ಆದರೂ ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಕುರ್ಚಿ ಅಕ್ಕಪಕ್ಕ. ಲ್ಯಾಬಿನಲ್ಲಿ ಹುಡುಗರು ಏನಾದರೂ ಬೀಳಿಸಿದರೆ ಈ ಮನುಷ್ಯ ಮೊದಲು ಕೇಳುತ್ತಿದ್ದದ್ದು "ಕೈ ಕುಯ್ತೇನೋ?" ಅಂತ. ಆಮೇಲೆ, "ಚೂರು ಎಸೀಬೇಡ, ಕೊಡು ಇಲ್ಲಿ." ಇದೊಂದು ಚಾಳಿ. ಭಗ್ನವಾದದ್ದು ಏನು ಕಂಡರೂ ಅದರಲ್ಲಿ ಮಗ್ನ!

ಅವರ ಮೇಜಿನ ಮೇಲೆ ಇದ್ದ ಸಾಮಾನು ಕೇಳಿ. ಎರಡು ಟ್ಯೂಬಿನ ಅಂಟು. ಮುಕ್ಕು ತುಂಬೋಕೆ ಚಾಕ್‌ಪೀಸ್ ಪುಡಿ — ಪ್ರಾಂಶುಪಾಲರು ಒಂದು ನಿಮಿಷ ಕಿವಿ ಮುಚ್ಚಿಕೊಳ್ಳಬೇಕು, ಅದು ಸರ್ಕಾರದ್ದು. ಬಣ್ಣಕ್ಕೆ? ನಮ್ಮೂರ ಗುಲಾಬಿ ಬಣ್ಣದ ಹಲ್ಲುಪುಡಿ! ಊರಿನವರೆಲ್ಲ ಹಲ್ಲಿಗೆ ಹಾಕಿದರೆ ಇವರು ಗೊಂಬೆಯ ಕೆನ್ನೆಗೆ ಹಾಕುತ್ತಿದ್ದರು. ಅಂಟಿನಲ್ಲಿ ಚಿಟಿಕೆ ಕಲಸಿದರೆ ಪಿಂಗಾಣಿ ರಾಧೆಗೆ ಅಂಥ ನಾಚಿಕೆ ಬೇರೆ ಎಲ್ಲೂ ಸಿಗೋಲ್ಲ ಅನ್ನೋರು. ಆ ಎರಡು ಟ್ಯೂಬುಗಳನ್ನು ತೋರಿಸಿ ಹೊಸದಾಗಿ ಮದುವೆಯಾದ ಲೆಕ್ಚರರುಗಳಿಗೆ ಪಾಠ ಬೇರೆ: "ನೋಡ್ರಪ್ಪಾ, ಬೇರೆ ಬೇರೆ ಇದ್ದಾಗ ಎರಡೂ ಮೆತ್ತಗೆ. ಸೇರಿಸಿದ ಮೇಲೇ ಗಟ್ಟಿ. ಸೇರಿಸಿಬಿಟ್ಟು ಅತ್ತಿತ್ತ ಅಲುಗಾಡಿದಿರೋ, ಆಗ ಯಾವ ಕೆಲಸಕ್ಕೂ ಬರೋಲ್ಲ."

ಅವರ ಹತ್ತಿರ ಎರಡು ಕಾನೂನು ಇತ್ತು. ಇದನ್ನು ಗೊಂಬೆ ಕೊಟ್ಟವರೆಲ್ಲ ಬಲ್ಲಿರಿ, ಬೇರೆಯವರಿಗೋಸ್ಕರ ಹೇಳುತ್ತೇನೆ. ಮೊದಲನೇದು — ಹೇಗೆ ಒಡೆಯಿತು ಅಂತ ನಿಜ ಹೇಳಬೇಕು. ಯಾರು ಹೇಳುತ್ತಾರೆ ಸ್ವಾಮಿ? ಎಲ್ಲರ ಮನೆಯಲ್ಲೂ ಬೆಕ್ಕು! ಇಡೀ ತಾಲ್ಲೂಕಿನ ಬೆಕ್ಕುಗಳ ಮೇಲೆ ಇಷ್ಟು ಆಪಾದನೆ ಯಾವ ಕಾಲದಲ್ಲೂ ಬಂದಿರಲಿಕ್ಕಿಲ್ಲ. ನಮ್ಮ ಆಫೀಸಿನ ಪುಟ್ಟಬಸವಯ್ಯನವರು ಕೊಕ್ಕು ಹಾರಿಹೋದ ಒಂದು ಪಿಂಗಾಣಿ ಗಿಳಿ ತಂದರು — ಪುಟ್ಟಬಸವಯ್ಯನವರೇ, ತಲೆ ತಗ್ಗಿಸಬೇಡಿ, ನಿಮ್ಮ ಅಪ್ಪಣೆ ನಾನು ಕೇಳಿಲ್ಲ, ಕೇಳೋದೂ ಇಲ್ಲ. "ಬೆಕ್ಕು ಬೀಳಿಸ್ತು ಸಾರ್" ಅಂದರು. ಮೇಷ್ಟ್ರು ಗಿಳಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕನ್ನಡಕದ ಮೇಲಿಂದ ನೋಡಿ, "ಬೆಕ್ಕು ಎಡಚನಾ?" ಅಂದರು.

ಪುಟ್ಟಬಸವಯ್ಯನವರು ಎಡಚರು.

"ಬೀಳಿಸಿದ್ದಾದರೆ ಕೊಕ್ಕು ಅಲ್ಲೇ ಕೆಳಗೆ ಸಿಗಬೇಕು. ಎಸೆದಿದ್ದಾದರೆ ಎದುರು ಗೋಡೆ ಮೂಲೆಯಲ್ಲಿ. ಎಲ್ಲಿ ಹುಡುಕಬೇಕು ಹೇಳಿ, ನನಗೆ ಕೊಕ್ಕು ಬೇಕು. ನಿಮ್ಮ ಮನೆ ಜಗಳ ಬೇಡ." ಮಾರನೇ ದಿನ ಕೊಕ್ಕು ಬಂತು. ಎದುರು ಗೋಡೆಯ ಮೂಲೆಯಲ್ಲೇ ಇತ್ತಂತೆ, ಹೊಲಿಗೆ ಮೆಷಿನ್ ಹಿಂದೆ.

ಎರಡನೇ ಕಾನೂನು ಇದಕ್ಕಿಂತ ಕಷ್ಟ. ಅಂಟು ಹಚ್ಚುವವರು ಮೇಷ್ಟ್ರು. ಅಂಟು ಹಿಡಿಯುವವರೆಗೆ ಗೊಂಬೆ ಹಿಡಿದು ಕೂರಬೇಕಾದವರು — ಒಡೆದವರು. ಐದು ನಿಮಿಷ. ಮಾತಿಲ್ಲ, ಕತೆಯಿಲ್ಲ, ಅಲುಗಾಟವಿಲ್ಲ. "ಒಡೆಯೋಕೆ ಒಂದು ಕ್ಷಣ ಸಾಕಾಗಿತ್ತಲ್ಲ, ಈಗ ಐದು ನಿಮಿಷ ಕೊಡಿ" ಅನ್ನೋರು. ನಂಜನಗೂಡಿನ ಗಣ್ಯಾತಿಗಣ್ಯರು, ಸಭೆಯಲ್ಲಿ ಅರ್ಧ ನಿಮಿಷ ಬಾಯಿ ಮುಚ್ಚದವರು, ಆ ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಗೊಂಬೆಯ ಕತ್ತು ಹಿಡಿದುಕೊಂಡು ಗೊಂಬೆಯ ಹಾಗೆ ಕೂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ಇವತ್ತು ಬೆಳಿಗ್ಗೆಯವರೆಗೂ ನಾನು ಕೇಳಿಯೇ ಇರಲಿಲ್ಲ. ಅಷ್ಟು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮನುಷ್ಯ ಒಂದು ಸಲವಾದರೂ ಬಾಯಿ ಬಿಟ್ಟಿದ್ದರೆ ಕೇಳಿ! ಹೇಳಿದವರು ನರಸೀಪುರದ ಚಾಮುಂಡಮ್ಮನವರು — ಇಗೋ, ಮುಂದೆಯೇ ಕೂತಿದ್ದಾರೆ. ಅವರ ಮನೆ ನೀವೆಲ್ಲ ಬಲ್ಲಿರಿ, ಹಸು ಹೆಚ್ಚೋ ದಸರಾ ಗೊಂಬೆ ಹೆಚ್ಚೋ ಅನ್ನುವಂಥ ಮನೆ. ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿಕೊಂಡು ಅಂದರು: "ನನ್ ಇಸ್ಯನೂ ಏಳ್ಬುಡಿ ಮೇಷ್ಟ್ರೇ. ಆ ಪುಣ್ಯಾತ್ಮ ಕೊನೇಗಂಟ ಬಾಯ್ ಬುಡ್ನಿಲ್ಲ. ಇನ್ ನಾನ್ಯಾಕ್ ಮುಚ್ಕೊಂಡಿರ್ಲಿ?"

ತೊಂಬತ್ತೆಂಟರ ದಸರಾ. ಆ ಮನೆಗೆ ಹೆಡತಲೆ ಊರಿನಿಂದ ಹೊಸ ಸೊಸೆ ಬಂದಿದ್ದಳು, ಬಿಂದುಶ್ರೀ. ಮೊದಲ ದಸರಾ. ಗೊಂಬೆಗಳನ್ನು ಅಟ್ಟದಿಂದ ಇಳಿಸಿ ಒರೆಸುವ ಕೆಲಸ ಅವಳಿಗೆ ಬಿತ್ತು. ಆ ಗೊಂಬೆಗಳಲ್ಲೆಲ್ಲ ಹಿರಿಯಳು ಪಿಂಗಾಣಿಯ ಯಶೋದೆ — ಮೊಸರು ಕಡೆಯುತ್ತಾ ನಿಂತವಳು, ಪಕ್ಕದಲ್ಲಿ ಬೆಣ್ಣೆಗೆ ಕೈ ಚಾಚಿದ ಕೃಷ್ಣ. ಚಾಮುಂಡಮ್ಮನವರ ಅತ್ತೆಯ ಕಾಲದ್ದು. ಒರೆಸುವಾಗ ಕೈ ಜಾರಿತು. ಯಶೋದೆಯ ಕತ್ತು ಕಿತ್ತು ಬಂತು.

ಹೊಸ ಸೊಸೆ. ಮೊದಲ ದಸರಾ. ಮನೆತನದ ಗೊಂಬೆ. ಇಲ್ಲಿರುವ ಹೆಣ್ಣುಮಕ್ಕಳಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. "ಕಾಲಿಟ್ಟಳು, ಕತ್ತು ಮುರಿದಳು" ಅಂತ ಒಂದು ಮಾತು ಹುಟ್ಟಿಕೊಂಡರೆ ಅದು ಆ ಹುಡುಗಿಯ ಮೊಮ್ಮಕ್ಕಳ ಕಾಲಕ್ಕೂ ಸಾಯೋದಿಲ್ಲ. ಅವಳು ಏನು ಮಾಡಿದಳು? ಟಿಫಿನ್ ಕ್ಯಾರಿಯರ್ ತೆಗೆದುಕೊಂಡಳು. ಮೇಲಿನ ಡಬ್ಬಿಯಲ್ಲಿ ತಲೆ. ಕೆಳಗಿನ ದೊಡ್ಡ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಮಿಕ್ಕಿದ್ದೆಲ್ಲ, ಕೃಷ್ಣನ ಸಮೇತ. "ತವರಿನ ಕಡೆಯೋರು ನಂಜನಗೂಡಿನ ಆಸ್ಪತ್ರೇಲಿದ್ದಾರೆ, ಊಟ ಕೊಟ್ಟು ಬರ್ತೀನಿ" ಅಂತ ಹೇಳಿ ಬಸ್ ಹತ್ತಿಬಿಟ್ಟಳು.

ಮೇಷ್ಟ್ರು ಎಂದಿನಂತೆ ಕೇಳಿದರು: "ಹೇಗೆ ಒಡೀತಮ್ಮ?" ಈ ಹುಡುಗಿ ಬೆಕ್ಕು ಅನ್ನಲಿಲ್ಲ. "ನಾನೇ ಸರ್. ಕೈ ಜಾರಿತು." ಮೇಷ್ಟ್ರು ಒಳಗೆ ತಿರುಗಿ ಕೂಗಿದರಂತೆ: "ಮುದ್ದೂ, ಇವತ್ತು ಬೆಕ್ಕಿಲ್ಲದ ಮನೆಯೋರು ಒಬ್ಬರು ಬಂದಿದ್ದಾರೆ, ಕಾಫಿ ತಾ!"

ಹಳೇ ಗೊಂಬೆ, ಕೊಳೆ ಇರುತ್ತಲ್ಲ, ತೊಳೆಯೋಣ ಅಂತ ಯಶೋದೆಯ ಮೈಯನ್ನು ಬಿಸಿನೀರಿನ ಬೋಗುಣಿಯಲ್ಲಿ ಇಳಿಬಿಟ್ಟರು. ಬಿಟ್ಟು ಎತ್ತುತ್ತಾರೆ — ಮೇಲಿನರ್ಧ ಮಾತ್ರ ಕೈಗೆ ಬಂತು! ಸೊಂಟದಿಂದ ಕೆಳಗಿನದು ಕೃಷ್ಣನ ಜೊತೆ ನೀರಿನಲ್ಲೇ ಉಳಿಯಿತು. ಕತ್ತು ಮುರಿದದ್ದನ್ನು ರಿಪೇರಿಗೆ ತಂದರೆ ಸೊಂಟವೂ ಹೋಯಿತು! ಬಿಂದುಶ್ರೀ ಅಳೋಕೆ ಶುರು ಮಾಡಿದಳು. ಮೇಷ್ಟ್ರು ಬೆವರಿದರು. ಆಮೇಲೆ ನಿಧಾನಕ್ಕೆ ಸೊಂಟದ ಅಂಚನ್ನು ಬೆಳಕಿಗೆ ಹಿಡಿದು ನೋಡುತ್ತಾರೆ — ಕಂದು ಬಣ್ಣದ ಅಂಟು. ಅರಗು. ಅಕ್ಕಸಾಲಿಗರು ಒಡವೆ ಕೆಲಸಕ್ಕೆ ಬಳಸುತ್ತಾರಲ್ಲ, ಅದೇ. ಬಿಸಿ ತಾಗಿದರೆ ಕರಗುತ್ತದೆ. ಈ ಸೊಂಟ ಯಾವತ್ತೋ ಮುರಿದಿತ್ತು, ಯಾರೋ ಗುಟ್ಟಾಗಿ ಅರಗು ಹಾಕಿ ಕೂಡಿಸಿದ್ದರು! ಮೇಷ್ಟ್ರು ಅಂಟು ಕಲಸಿದರು. "ನೀನು ಕತ್ತು ಹಿಡ್ಕೊಂಡು ಕೂತ್ಕೋಮ್ಮ. ಸೊಂಟ ನಿನ್ನದಲ್ಲ" ಅಂದರು ಅಷ್ಟೇ.

ಅವಳು ಹಾಗೆ ಕತ್ತು ಹಿಡಿದು ಕೂತಿದ್ದಾಗಲೇ ಬಾಗಿಲಲ್ಲಿ ಚಾಮುಂಡಮ್ಮನವರು! ಅಲ್ಲಿ ಮನೆಯಲ್ಲಿ ಗೊಂಬೆ ಟ್ರಂಕಿನಲ್ಲಿ ಯಶೋದೆ ಇಲ್ಲ, ಅಡುಗೆಮನೆಯಲ್ಲಿ ಟಿಫಿನ್ ಕ್ಯಾರಿಯರ್ ಇಲ್ಲ. ನರಸೀಪುರದಲ್ಲಿ ಇದು ಕೂಡುಲೆಕ್ಕ, ಬಹಳ ಹೊತ್ತು ಹಿಡಿಯೋದಿಲ್ಲ. ಮುಂದಿನ ಬಸ್ಸಿಗೇ ಬಂದಿದ್ದಾರೆ. ಬಾಯಿ ತೆರೆದರು. ಮೇಷ್ಟ್ರು ಕೈ ಎತ್ತಿ, "ತಾಯಿ, ಸದ್ದು ಮಾಡಬೇಡಿ. ಅಂಟು ಹಿಡೀತಾ ಇದೆ" ಅಂದರು. ಬೈಯಲಿಕ್ಕೆ ಅಂತ ಬಂದವರು, ಬಾಗಿಲಲ್ಲಿ, ಐದು ನಿಮಿಷ — ಚಾಮುಂಡಮ್ಮನವರನ್ನು ಬಲ್ಲವರು ಊಹಿಸಿಕೊಳ್ಳಿ — ಐದು ನಿಮಿಷ ಬಾಯಿ ಮುಚ್ಚಿಕೊಂಡು ನಿಂತರು!

ಐದು ನಿಮಿಷ ಆದಮೇಲೆ ಮೇಷ್ಟ್ರು ಯಶೋದೆಯ ಇನ್ನರ್ಧವನ್ನು ಎತ್ತಿ ಮೇಜಿನ ಮೇಲಿಟ್ಟರು. "ಇನ್ನೊಂದು ಜಾಗ ಇದೆ ತಾಯಿ. ಸೊಂಟ. ಇದೂ ಬೆಕ್ಕಿನ ಕೆಲಸವೇ ಇರಬೇಕು. ಬಹಳ ಹಳೇ ಬೆಕ್ಕು."

ಚಾಮುಂಡಮ್ಮನವರು ಅರಗನ್ನು ನೋಡಿದರು. ಸೊಸೆಯನ್ನು ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಸ್ಟೂಲು ಎಳೆದುಕೊಂಡು ಸೊಸೆ ಪಕ್ಕದಲ್ಲೇ ಕೂತು ಕೈ ಚಾಚಿದರು: "ಕೊಡಿ ಇಲ್ಲಿ. ನಾನ್ ಇಡ್ಕತೀನಿ."

ಅಷ್ಟೇ. ಅವರೂ ಹೊಸ ಸೊಸೆಯಾಗಿ ಬಂದ ವರ್ಷದ ಕೆಲಸ ಅದು. ಅತ್ತೆಯ ಕಣ್ಣು ತಪ್ಪಿಸಿ ಅಕ್ಕಸಾಲಿಯ ಮನೆಗೆ ಓಡಿ ಅರಗು ತಂದಿದ್ದರಂತೆ. ಅವತ್ತಿಂದ ಪ್ರತಿ ದಸರಾದಲ್ಲೂ ಎಲ್ಲಿ ಸೊಂಟ ಕಳಚುತ್ತೋ ಅಂತ ಎದೆ ಹೊಡೆದುಕೊಳ್ಳುತ್ತಲೇ ಯಶೋದೆಯನ್ನು ಮೇಲಿನ ಮೆಟ್ಟಿಲಿಗೆ ಎತ್ತಿಟ್ಟವರು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಟಿಫಿನ್ ಕ್ಯಾರಿಯರ್ ಅತ್ತೆಯ ತೊಡೆಯ ಮೇಲಿತ್ತು. ಆ ದಸರಾಕ್ಕೆ ಯಶೋದೆಯನ್ನು ಮೇಲೆ ಕೂರಿಸಿದವಳು ಬಿಂದುಶ್ರೀ. ದಸರಾ ಮುಗಿದ ಮೇಲೆ, "ಓಗು, ಆ ಮೇಷ್ಟ್ರ ಅತ್ರ ಈ ಇದ್ಯೆ ಕಲ್ತ್ಕೊಂಡ್ ಬಾ. ನಮ್ಮನೇಗ್ ಬೇಕಾಯ್ತದೆ" ಅಂತ ಕಳಿಸಿದವರು ಚಾಮುಂಡಮ್ಮನವರೇ.

ನಾಗಯ್ಯನವರೇ, ಈಗ ನಿಮ್ಮ ಪ್ರಶ್ನೆ. ಆ ಮನೆಯಲ್ಲಿ ಸೊಂಟ ಮುರಿದ ಯಶೋದೆ ಒಂದು ತಲೆಮಾರು ಪೂರ್ತಿ ಮೊಸರು ಕಡೆದಳು. ಆ ಮನೆಯಲ್ಲಿ ಮದುವೆಯಾದವು, ಬಾಣಂತನವಾದವು. ಹಾಲು? ಚಾಮುಂಡಮ್ಮನವರೇ, ಡೈರಿಗೆ ಹಾಕುವ ಹಾಲು ಒಂದು ದಿನವಾದರೂ ನಿಂತಿತ್ತೇ? — ಇಲ್ಲ ಅಂತಿದ್ದಾರೆ, ನೋಡಿ, ಎಲ್ಲರೂ ನೋಡಿ. ನಿಮ್ಮ ಬೀಗರು ಬಂದು ಕೇಳಿದರೆ ನರಸೀಪುರಕ್ಕೆ ಕಳಿಸಿ. ಮಿಕ್ಕಿದ್ದನ್ನು ಈ ತಾಯಿ ನೋಡಿಕೊಳ್ಳುತ್ತಾರೆ. ಐದು ನಿಮಿಷ ಮಾತ್ರ ಕೇಳಬೇಡಿ, ಅದಕ್ಕಿಂತ ಹೆಚ್ಚು ಹಿಡಿಯುತ್ತೆ.

ಬುದ್ಧ ಹೊಳೆಗೆ ಹೋಗುವುದಿಲ್ಲ. ಮದುವೆಗೆ ಹೋಗುತ್ತಾನೆ.

ಈ ಟವೆಲ್ ತೆಗೆಯುತ್ತೇನೆ — ನೋಡಿ. ಮೇಷ್ಟ್ರ ಮನೆಯ ನೆಲದ ಮೇಲಿಂದ ಒಂದೊಂದೇ ಚೂರು ಆರಿಸಿ, ಅದೇ ಕಿಟಕಿ ಪಕ್ಕದಲ್ಲಿ ಕೂತು ಇಷ್ಟನ್ನೂ ಕೂಡಿಸಿದವಳು ಬಿಂದುಶ್ರೀ. ಕೆನ್ನೆ ಹತ್ತಿರ ಒಂದಿಷ್ಟು ಹಲ್ಲುಪುಡಿ ಜಾಸ್ತಿಯಾಗಿದೆ ಅಂತ ಅವಳ ಅಭಿಪ್ರಾಯ. ನನ್ನ ಅಭಿಪ್ರಾಯ, ಮದುವೆಗೆ ಹೊರಟವನಿಗೆ ಅಷ್ಟು ರಂಗು ಇರಲಿ. ಇನ್ನು ಒಂದೇ ಚೂರು ಬಾಕಿ. ಹಸ್ತ. ಇದೊಂದನ್ನು ಅವಳು ಅಂಟಿಸಿಲ್ಲ. ನಿನ್ನೆ ಮೇಷ್ಟ್ರ ಮನೆಯಲ್ಲಿ ಯಾಕಮ್ಮಾ ಅಂತ ಕೇಳಿದರೆ, "ಒಡೆದವರೇ ಹಿಡೀಬೇಕಲ್ಲ ಸರ್. ಕೊನೇಗೆ ಬೀಳಿಸಿದೋರು ಮೇಷ್ಟ್ರು. ಈಗ ಯಾರು ಹಿಡೀತಾರೆ?" ಅಂದಳು.

ಉತ್ತರ ಕೊಟ್ಟವರು ನಾಗಯ್ಯನವರು. "ಅಮ್ಮಾರು ಇಡ್ಕಳ್ಲಿ ಸಾ" ಅಂದರು. ಮುದ್ದಮ್ಮಕ್ಕ ಹಿಂದೆ ಸರಿದರು. "ಬೇಡ ನಾಗಯ್ಯ, ಮದುವೆ ಕಾರ್ಯ. ಈಗ ನನ್ನ ಕೈ ತಾಗಬಾರದು." ಅದಕ್ಕೆ ರಂಜಿನಿ ಹೇಳಿದ್ದು ಇಷ್ಟು: "ಹರಸೋ ಕೈ ಅಲ್ವಾ ಅಮ್ಮ ಅದು? ನೀವೇ ಬಿಟ್ರೆ ನನ್ನನ್ನ ಯಾರು ಹರಸ್ತಾರೆ?"

ಅಕ್ಕ ಆಗ ಎದ್ದು ಅಡುಗೆಮನೆಗೆ ಹೋದರು. ಈಗ — ಏಳುತ್ತಿದ್ದಾರೆ. ಬನ್ನಿ ಅಕ್ಕ. ಮೆಟ್ಟಿಲು ಜೋಪಾನ. ರಂಜಿನಿ, ಕೈ ಕೊಡಮ್ಮ ಅವರಿಗೆ.

ಮಹನೀಯರೇ, ಇಂಥ ಸಭೆಗಳಲ್ಲಿ ಕೊನೆಗೆ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸುವುದು ವಾಡಿಕೆ. ಇವತ್ತು ಒಂದು ನಿಮಿಷ ಸಾಲದು. ಈ ಅಂಟಿಗೆ ಐದು ನಿಮಿಷ ಬೇಕು. ಯಾರಾದರೂ ಫ್ಯಾನು ಆರಿಸಿ. ಮೊಬೈಲು ಇರುವ ದೊಡ್ಡ ಮನುಷ್ಯರು ಅದನ್ನೂ ಆರಿಸಿ. ಕುರ್ಚಿ ಎಳೆಯದೆ ಮೆಲ್ಲಗೆ ಏಳಿ. ಹೊರಗೆ ಏನು ಬಿದ್ದ ಸದ್ದಾದರೂ ತಿರುಗಿ ನೋಡಬೇಡಿ — ಬೆಕ್ಕು ಇರುತ್ತೆ.

ಬಿಂದು, ಹಚ್ಚಮ್ಮ.

ಮುದ್ದಮ್ಮಕ್ಕ, ಹಿಡ್ಕೊಳ್ಳಿ.

ನಾವೆಲ್ಲ ನಿಲ್ಲೋಣ. ಅಲುಗಾಡದೆ.